ಕಡೆಯ ಸಾಲು ಮೂರು ಸಲ

ಹೊಸ ತಿಪ್ಪಸಂದ್ರದ ಒಂದು ಸಣ್ಣ ದೇವಸ್ಥಾನದ ಹಜಾರದಲ್ಲಿ ಪ್ರತಿ ಭಾನುವಾರ ಸಂಜೆ ಕಾವ್ಯವಾಚನ. ಹಯಗ್ರೀವ ಪದ್ಯ ಹಾಡುತ್ತಾನೆ, ತಂಗಿ ಕೋಕಿಲಾ ಅರ್ಥ ಹೇಳುತ್ತಾಳೆ. ಅವಳಿಗೆ ಮಾತು ಹೊಳೆಯದಿದ್ದರೆ ಅವನು ಕಡೆಯ ಸಾಲನ್ನು ಮತ್ತೆ ಎತ್ತಿಕೊಳ್ಳುತ್ತಾನೆ. ಕೇಳುವವರಿಗೆ ಅದು ರಾಗದ ಸೊಗಸೆಂದೇ ತೋರುತ್ತದೆ.

ಆ ಸಂಜೆ ಬಂದದ್ದು ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ತಂದೆಯ ಪದ್ಯ. ಸರದಿಯಲ್ಲಿ ಬಂದದ್ದನ್ನು ಬಿಟ್ಟು ಹಾಡುವಂತಿಲ್ಲ. ಕೇಳುಗರ ಮೊದಲ ಸಾಲಿನಲ್ಲಿ ಯಮುನಾ ಕುಳಿತಿದ್ದಳು. ಅವಳ ಮಗಳು ಪೂಜಿತಾ ಜ್ವರ ಬಂದು ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ.

ಶುರುವಿಗೆ ಮುಂಚೆ ಅವಳು ಕೋಕಿಲಾಳ ಕೈ ಹಿಡಿದಿದ್ದಳು. “ಅಕ್ಕಾ, ಇವತ್ತು ನಿಮ್ ಮಾತು ಕೇಳಕ್ಕೇ ಬಂದಿದ್ದೀನಿ. ಯಾಕಾಯ್ತು ಅಂತ ಯಾರೂ ಹೇಳ್ತಿಲ್ಲ.”

ಹೇಳಬೇಕಾದದ್ದು ಕೋಕಿಲಾಗೆ ಬಾಯಿಪಾಠ. ಕೊಟ್ಟವನೇ ಕರೆಸಿಕೊಂಡ, ಋಣ ತೀರಿತು. ಹನ್ನೊಂದು ವರ್ಷದ ಹಿಂದೆ ಅವಳ ಎಂಟು ವರ್ಷದ ಮಗ ಶ್ರೀಹರಿ ಹೋದಾಗ ಅವಳ ತಂದೆ ಇಲ್ಲಿಯೇ ಕುಳಿತು ಇದೇ ಮಾತು ಹೇಳಿದ್ದರು. ಅವಳು ಗೊತ್ತಾಯಿತೆಂದು ತಲೆಯಾಡಿಸಿದ್ದಳು.

ಹಯಗ್ರೀವ ಪದ್ಯ ಮುಗಿಸಿದ. ಕೋಕಿಲಾ ಬಾಯಿ ತೆರೆದಳು, ಮುಚ್ಚಿದಳು. ಅವನು ಕಡೆಯ ಸಾಲನ್ನು ಮತ್ತೆ ಹಾಡಿದ. ಯಮುನಾ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು. ಮೂರನೆಯ ಸಲ ಹಾಡುವಾಗ ರಾಗದಲ್ಲೇ ಗದರಿಕೆಯಿತ್ತು.

“ಹೇಳೇ,” ಎಂದು ಪಿಸುಗುಟ್ಟಿದ. “ಅಪ್ಪ ಹೇಳ್ತಿದ್ದಿದ್ದನ್ನೇ ಹೇಳ್ಬಿಡು.”

“ಅಮ್ಮಾವ್ರಿಗೆ ಕರೆಂಟ್ ಹೋಯ್ತೇನ್ರೀ?” ಎಂದರು ಹಿಂದಿನಿಂದ ಯಾರೋ. ಒಂದಿಬ್ಬರು ನಕ್ಕರು.

“ನಂಗೆ ಇದರ ಅರ್ಥ ಗೊತ್ತಿಲ್ಲ.” ಮೈಕು ಕೋಕಿಲಾಳ ದನಿಯನ್ನು ಮಾರ್ಕೆಟ್ ರಸ್ತೆಯವರೆಗೂ ಒಯ್ದಿತು. “ಅಪ್ಪ ಹೇಳಿದಾಗ ಗೊತ್ತಾಯ್ತು ಅಂದಿದ್ದೆ. ಸುಳ್ಳು.”

ದೇವಸ್ಥಾನದ ಕಾರ್ಯದರ್ಶಿ ಕಿರಣಕುಮಾರ ಎದ್ದುನಿಂತರು. “ಕೋಕಿಲಮ್ಮ, ದೇವರ ಮುಂದೆ ಆಡೋ ಮಾತಾ ಇದು? ಗೊತ್ತಿಲ್ದಿದ್ರೆ ಅಲ್ಲಿ ಯಾಕ್ ಕೂತ್ಕೋತೀರಾ?”

ಅವಳು ಗರ್ಭಗುಡಿಯ ದೀಪದ ಕಡೆ ನೋಡಿದಳು. ವೇದಿಕೆಯಿಂದ ಕೆಳಗಿಳಿಯಲು ಸೆರಗು ಸರಿಮಾಡಿಕೊಂಡಳು.

“ಇರಿ ಸಾರ್,” ಎಂದಳು ಯಮುನಾ. “ಮತ್ತೆ ಹೆಂಗಿದ್ರಿ ಅಕ್ಕಾ, ಇಷ್ಟು ವರ್ಷ?”

“ಅವನ ಟಿಫಿನ್ ಡಬ್ಬಿ ದಿನಾ ತುಂಬಿಸ್ತಿದ್ದೆ. ಕೈ ರೂಢಿ ಬಿಡ್ತಿರ್ಲಿಲ್ಲ. ಏಳು ತಿಂಗಳು. ಒಂದಿನ ಬೀದಿ ಗುಡಿಸೋ ಮುನಿಲಕ್ಷ್ಮಮ್ಮಂಗೆ ಕೊಟ್ಟೆ. ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಕಣಮ್ಮಾ ಅಂದ್ರು. ಮಾರನೇ ದಿನ ಕಮ್ಮಿ ಹಾಕ್ದೆ.” ಕೋಕಿಲಾ ಯಮುನಾಳ ಕಡೆ ಬಾಗಿದಳು. “ಅಲ್ಲಿಂದ ಎದ್ದೆ. ನಿಂಗೂ ಹಂಗೇ ಆಗತ್ತೆ ಅಂತ ಹೇಳಲ್ಲ.”

“ಮುಂದಿನ ಪದ್ಯ ತಗೊಳ್ಳಿ ಹಯಗ್ರೀವ್,” ಎಂದರು ಕಿರಣಕುಮಾರ.

ಹಯಗ್ರೀವ ಹಾಳೆ ತಿರುಗಿಸಿದ. ಹಾಡಲಿಲ್ಲ.

“ನಮ್ ಪೂಜಿತಾ ಉಪ್ಪಿಟ್ಟು ಅಂದ್ರೆ ಓಡ್ಹೋಗೋಳು,” ಯಮುನಾ ಹೇಳುತ್ತಿದ್ದಳು, “ಮಂಚದ ಕೆಳಗೆ ಕೂತ್ಬಿಡೋಳು ಅಕ್ಕಾ…”