ಮರುಳಸಿದ್ದಪ್ಪನ ಲೋಟ

ಬಿಳಿ ದೊರೆಗಳ ಕಾಲದಲ್ಲಿ ರಾಯದುರ್ಗದ ಪೇಟೆ ಬೀದಿಗೆ ಬಂದವರು ಸಿದ್ದಬಸಪ್ಪನ ಚಾ ಕುಡಿಯದೆ ಹೋದರೆ ಬಂದದ್ದೇ ದಂಡ ಅನ್ನುತ್ತಿದ್ದರು. ಅಂಗಡಿ ಅಂದರೇನು, ತಗಡಿನ ಮಾಡು, ಒಂದು ಒಲೆ, ಎರಡು ಬೆಂಚು, ಹಿಂದೆ ಒಂದು ಉದ್ದನೆಯ ಹಲಗೆ. ಆಗೆಲ್ಲ ಒಬ್ಬರ ಲೋಟಕ್ಕೆ ಇನ್ನೊಬ್ಬರು ಬಾಯಿ ಹಚ್ಚುತ್ತಿದ್ದರೇ? ಶಿವ ಶಿವಾ! ದಿನದ ಗಿರಾಕಿಗಳು ಮನೆಯಿಂದಲೇ ಲೋಟ ತಂದು ಆ ಹಲಗೆಯ ಮೇಲೆ ಬೋರಲು ಹಾಕಿದ್ದರು. ಬೀದಿಯ ತಿರುವಿನಲ್ಲಿ ತಲೆ ಕಂಡರೆ ಸಾಕು, ಸಿದ್ದಬಸಪ್ಪ ಅವರವರ ಲೋಟ ತೆಗೆದು ಚಾ ಸುರಿದಿರುತ್ತಿದ್ದ. ಕೆಳಗೇರಿಯವರಿಗೆ ಹಲಗೆಯಲ್ಲಿ ಜಾಗವಿರಲಿಲ್ಲ. ಅವರು ಎದುರಿನ ಬೇವಿನ ಮರದ ಸಂದಿಯಲ್ಲಿ ತೆಂಗಿನ ಚಿಪ್ಪು ಇಟ್ಟಿರುತ್ತಿದ್ದರು. ಚಿಪ್ಪು ಹಿಡಿದರೆ ಇವನು ಮೇಲಿನಿಂದ ಹೊಯ್ಯುತ್ತಿದ್ದ.

ಹಲಗೆಯ ಮೊದಲನೆಯ ಲೋಟ ಜವಳಿ ಅಂಗಡಿ ಮರುಳಸಿದ್ದಪ್ಪನದು, ಕಲಾಯಿ ಹಾಕಿಸಿದ ಹಿತ್ತಾಳೆಯದು. ಇಬ್ಬರೂ ಚಡ್ಡಿ ಹಾಕುವ ಮೊದಲಿಂದ ಗೆಳೆಯರು. ಮರುಳಸಿದ್ದಪ್ಪ ಬೆಂಚಿಗೆ ಬಂದು ಕೂತು ನಾಲ್ಕು ಸಲ ಬೈದರೇನೇ ಸಿದ್ದಬಸಪ್ಪನಿಗೆ ಬೆಳಗಾದಂತೆ.

ಒಂದು ಬೇಸಗೆಯ ಮಧ್ಯಾಹ್ನ, ಸ್ಟೇಷನ್ನಿನಿಂದ ಜವಳಿ ಗಂಟು ಹೊರುವ ಕೆಳಗೇರಿಯ ಸಣ್ಣತಿಮ್ಮಪ್ಪ ಬಿಸಿಲಿಗೆ ತಲೆ ತಿರುಗಿ ಅಂಗಡಿ ಮುಂದೆಯೇ ಕುಸಿದುಬಿದ್ದ. ಜೀವ ಹೋಗುವಾಗ ಚಿಪ್ಪು ಹುಡುಕುವುದುಂಟೇ? ಸಿದ್ದಬಸಪ್ಪ ಕೈಗೆ ಸಿಕ್ಕ ಲೋಟದಲ್ಲಿ ನೀರು ಕುಡಿಸಿದ, ಅದರಲ್ಲೇ ಚಾ ಕುಡಿಸಿದ. ಅಷ್ಟರಲ್ಲಿ ಮರುಳಸಿದ್ದಪ್ಪ ಬಂದು ನಿಂತಿದ್ದ.

“ಊರ ಲೋಟೆಲ್ಲ ಬಿಟ್ಟು ನಂದ ಸಿಕ್ತೇನು ನಿನಗ?” ಅಂದವನು ತಿರುಗಿ ನಡೆದ. ಎಂಟು ದಿನಕ್ಕೆ ತನ್ನ ಜವಳಿ ಅಂಗಡಿಗೆ ಬೀಗ ಜಡಿದು ಮಡಕಶಿರಾದ ಮಗಳ ಮನೆ ಸೇರಿದ. ಹೋಗುತ್ತೇನೆ ಅಂತ ಒಂದು ಮಾತೂ ಹೇಳಲಿಲ್ಲ.

ಸಿದ್ದಬಸಪ್ಪ ಇವತ್ತು ಬಂದಾನು, ನಾಳೆ ಬಂದಾನು ಅಂತ ಕಾದ. ಲೋಟವನ್ನು ಕೆಂಡಕ್ಕೆ ಹಿಡಿದು ಶುದ್ಧ ಮಾಡಿದ, ಹೊಸದಾಗಿ ಕಲಾಯಿ ಹಾಕಿಸಿದ, ದಿನಾ ಹುಣಸೆಹಣ್ಣು ಹಚ್ಚಿ ತಿಕ್ಕಿದ. ಯಾರಾದರೂ ಹಲಗೆಯ ಹತ್ತಿರ ಕೈ ಚಾಚಿದರೆ, “ಮುಟ್ಟಬ್ಯಾಡ್ರಿ! ಅದು ಮರುಳಸಿದ್ದಪ್ಪನ ಲೋಟ!” ಅಂತ ಮೈಮೇಲೆ ಹೋಗುತ್ತಿದ್ದ. ಒಮ್ಮೆ ಸಣ್ಣತಿಮ್ಮಪ್ಪ ಬೇವಿನ ನೆರಳಿನಿಂದ ಸುಮ್ಮನೆ ಅದರತ್ತ ನೋಡಿದ್ದಕ್ಕೆ, “ಏನ್ ನೋಡ್ತಿ? ನೀ ಬಾಯಿ ಹಚ್ಚಿದ್ದಕ್ಕ ನನ್ನ ಗೆಳೆಯ ಊರು ಬಿಟ್ಟ!” ಅಂದುಬಿಟ್ಟ. ಬೀದಿಯೆಲ್ಲ ಕೇಳಿಸಿಕೊಂಡಿತು. ತಿಮ್ಮಪ್ಪ ತಲೆ ತಗ್ಗಿಸಿ ಗಂಟು ಹೊತ್ತುಕೊಂಡು ಹೋದ.

ಎಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮರುಳಸಿದ್ದಪ್ಪನ ಅಳಿಯ ಬಸವರಾಜು ಬಂದ. ತಿರುವಿನಲ್ಲಿ ಅವನ ತಲೆ ಕಂಡದ್ದೇ ತಡ, ಹಿಂದೆ ಮಾವನೂ ಬರುತ್ತಿರಬೇಕು ಅಂತ ಸಿದ್ದಬಸಪ್ಪ ಆ ಲೋಟ ತೆಗೆದು ಶುಂಠಿ ಜಜ್ಜಿದ ಚಾ ತುಂಬಿಯೇಬಿಟ್ಟ.

“ಮಾವಯ್ಯ ಎಲ್ಲಿ?”

“ಹೋಗ್ಬುಟ್ರು, ಸಿದ್ದಬಸಪ್ಪನೋರೇ. ತಿಂಗ್ಳಾಯ್ತು.” ಬಸವರಾಜು ಬೆಂಚಿನ ತುದಿಗೆ ಕೂತ. “ಬರ್ಬೇಕು ಬರ್ಬೇಕು ಅಂತಿದ್ರು, ಕಾಲು ಬರ್ಲಿಲ್ಲ. ಲೋಟ ತಂದ್ಕೊಡ್ಲಾ ಅಂತ ಕೇಳ್ದೆ. ಬ್ಯಾಡ ಅಂದ್ರು. ‘ಸಾಯೋನಿಗೆ ನೀರು ಕೊಟ್ಟೋನ ಮೇಲೆ ಮುನಿಸ್ಕಂಡ್ನಲ್ಲ, ನಾನೆಂಥ ಮುಠ್ಠಾಳ. ಲೋಟ ಅಲ್ಲೇ ಇರ್ಲಿ. ಮೊದ್ಲು ಆ ತಿಮ್ಮಪ್ಪಂಗೆ ಕೊಡು, ಆಮೇಲೆ ಯಾರು ಬಂದ್ರೂ ಕೊಡು ಅಂತ ಸಿದ್ದಂಗೆ ಹೇಳು’ ಅಂದ್ರು.”

ಸಿದ್ದಬಸಪ್ಪ ಒಲೆಯ ಮುಂದೆಯೇ ಕೂತು ಗಂಡಸು ಅನ್ನುವುದನ್ನೂ ಮರೆತು ಅತ್ತ. ಎಂಟು ತಿಂಗಳು ತಿಕ್ಕಿದ್ದೆಲ್ಲ ಯಾರಿಗಾಗಿ? ಮೂಗು ಒರೆಸಿಕೊಂಡು ಎದ್ದವನು ಲೋಟವನ್ನು ಬೆಂಚಿನವರ ಮುಂದೆ ಹಿಡಿದ. “ತಗೋರಿ, ಯಾರರ ಕುಡೀರಿ. ಅವನ ಮಾತು ಐತಿ.” ಒಬ್ಬ ಈಗಷ್ಟೇ ಕುಡಿದೆ ಅಂದ. ಇನ್ನೊಬ್ಬ, “ಮರುಳಸಿದ್ದಪ್ಪನ ಲೋಟ ಅಲ್ಲೇನ್ರಿ ಅದು, ನಮಗ್ಯಾಕ್ರಿ?” ಅಂತ ಹಿಂದೆ ಸರಿದ.

ಅಷ್ಟರಲ್ಲಿ ಸಣ್ಣತಿಮ್ಮಪ್ಪ ಗಂಟು ಇಳಿಸಿ ಮರದ ಕೆಳಗೆ ಬಂದು ನಿಂತ. ಸಿದ್ದಬಸಪ್ಪ ಲೋಟ ಹಿಡಿದು ಬೀದಿ ದಾಟಿ ಓಡಿದ.

“ತಿಮ್ಮಪ್ಪಾ, ಅವತ್ತು ನಾನಂದದ್ದು ತಪ್ಪಾತೋ. ಇದರಾಗ ಕುಡಿ. ಮರುಳಸಿದ್ದಪ್ಪ ನಿನಗ ಮೊದಲು ಕೊಡು ಅಂತ ಹೇಳಿ ಸತ್ತಾನ.”

ತಿಮ್ಮಪ್ಪ ಲೋಟ ನೋಡಿದ. ಬೆಂಚಿನ ಮೇಲೆ ಮಾತು ನಿಲ್ಲಿಸಿ ತನ್ನನ್ನೇ ನೋಡುತ್ತಿದ್ದವರನ್ನೂ ನೋಡಿದ. ಆಮೇಲೆ ಮರದ ಸಂದಿಗೆ ಕೈಹಾಕಿ ತನ್ನ ಚಿಪ್ಪು ತೆಗೆದು, ಧೂಳು ಊದಿ, ಎರಡೂ ಕೈಯಲ್ಲಿ ಹಿಡಿದ.

“ಬ್ಯಾಡ್ರಿ ಧಣಿ. ಅದನ್ನ ಮುಟ್ಟಬ್ಯಾಡ ಅಂತ ನೀವ ಹೇಳೀರಿ. ನನಗ ಇದರಾಗ ಹಾಕ್ರಿ.”

ಸಿದ್ದಬಸಪ್ಪ ಮರುಳಸಿದ್ದಪ್ಪನ ಲೋಟ ಎತ್ತಿ, ಅದರಲ್ಲಿದ್ದ ಚಾವನ್ನು ಎಂದಿನಂತೆ ಮೇಲಿನಿಂದ ಆ ಚಿಪ್ಪಿಗೆ ಹೊಯ್ದ.