ಟಾಕ್ ಜಾಸ್ತಿ, ಟಾರ್ಕ್ ಕಮ್ಮಿ

ಇದು ನಡೆದ ಕಥೆ. ಓಡಬೇಕಾದ ವ್ಯಾನು ಓಡದೆ ನಾವೆಲ್ಲ ನಡೆದದ್ದರಿಂದ, ಅಪ್ಪಟ ನಡೆದ ಕಥೆ.

ನಮ್ಮ ಭಾವನದು ಗ್ಯಾರೇಜು. ಹೋದ ವಾರ ತಮ್ಮ ಹಳೆಯ ವ್ಯಾನಿಗೆ ರೇಸ್ ಕಾರಿನಂಥ ಕ್ಯಾಮ್ ಕೂರಿಸಿದ್ದರು. ಕ್ಯಾಮ್ ಎಂದರೆ ಇಂಜಿನ್ನಿಗೆ ಗಾಳಿ ಒಳಬಿಡುವ ವಾಲ್ವುಗಳನ್ನು ತೆರೆಸುವ, ಮೈಯೆಲ್ಲ ಉಬ್ಬುಗಳಿರುವ ದಂಡ. ಉಬ್ಬು ದೊಡ್ಡದಾಯಿತು, ಭಾವನೂ ಉಬ್ಬಿದರು. ಖಾಲಿ ವ್ಯಾನು ಸಪಾಟು ರಸ್ತೆಯಲ್ಲಿ ಕಿರುಚಿಕೊಂಡು ಹಾರಿತು.

ಆದರೆ ಆ ಬೆಳಿಗ್ಗೆ ಅದರಲ್ಲಿ ಅಕ್ಕನ ಹಿಟ್ಟಿನ ಗಿರಣಿ ಇತ್ತು. ಏರಿನ ತುದಿಯಲ್ಲಿ ಅವಳ ಹೊಸ ಅಂಗಡಿ. ಸಂಜೆಯೊಳಗೆ ಗಿರಣಿ ಕೂರಿಸದಿದ್ದರೆ ಆ ಜಾಗ ಬೇರೆಯವರ ಪಾಲು. ವ್ಯಾನು ಅರ್ಧ ಏರು ಹತ್ತಿ, ಕೆಮ್ಮಿ, ಸತ್ತಿತು. ಮೂರು ಸಲ. ಅದನ್ನು ಹಿಂದಕ್ಕೆ ಜಾರಿಸಿಕೊಂಡು, ಬೆವರೊರೆಸುತ್ತ ಏರಿನ ಬುಡದ ಗ್ಯಾರೇಜಿಗೆ ನಡೆದೆವು.

“ಪೆಟ್ರೋಲ್ ಸರಿಯಿಲ್ಲ,” ಎಂದರು ಭಾವ.

“ಕ್ಯಾಮ್ ಸರಿಯಿಲ್ಲ ಭಾವ. ಹೊರೆ ಎಳೆಯೋ ಶಕ್ತಿ, ಅದೇ ಟಾರ್ಕ್, ಹೋಗ್ಬಿಟ್ಟಿದೆ.”

“ಇಂಜಿನಿಯರಿಂಗ್ ಓದ್ಬಿಟ್ರೆ ಆಯ್ತಾ? ಯಾವತ್ತಾದ್ರೂ ಸ್ಪ್ಯಾನರ್ ಹಿಡಿದಿದೀಯಾ? ಸುಮ್ನಿರೋ.”

“ವ್ಯಾನಿಗೂ ನಿಮಗೂ ಒಂದೇ ಕಾಯಿಲೆ. ಟಾಕ್ ಜಾಸ್ತಿ, ಟಾರ್ಕ್ ಕಮ್ಮಿ.”

ಅಕ್ಕ ದುರುಗುಟ್ಟಿದಳು. “ನನ್ನ ಗಿರಣಿ ಮೇಲಕ್ಕೆ ಹೋಗ್ಬೇಕು. ನೀವಿಬ್ರೂ ಎಲ್ಲಿಗಾದ್ರೂ ಹೋಗಿ!”

ಭಾವ ಕೇಳುವುದು ಒಬ್ಬರ ಮಾತು ಮಾತ್ರ, ಕೆಲಸ ಕಲಿಸಿದ ಮುದಿ ಮೇಸ್ತ್ರಿಯದು. ನಾನು ಎದುರಿನ ಅಂಗಡಿಗೆ ನುಸುಳಿ, ಗ್ಯಾರೇಜಿನ ಹಳೇ ಫೋನಿಗೆ ಕರೆ ಮಾಡಿ, ಮೂಗಿನಿಂದ ಮೇಸ್ತ್ರಿಯ ದನಿ ತೆಗೆದೆ.

“ಏನಯ್ಯಾ, ಕ್ಯಾಮ್ ಬದಲಾಯ್ಸಿದೀಯಂತೆ?”

ಭಾವ ದಡಕ್ಕನೆ ಎದ್ದು ನಿಂತದ್ದು ನನಗೆ ಅಲ್ಲಿಂದಲೇ ಕಂಡಿತು. “ಹೌದು ಮೇಸ್ತ್ರಿ...”

“ಆ ದೊಡ್ಡ ಉಬ್ಬಿಗೆ ವಾಲ್ವು ಅಷ್ಟು ಹೊತ್ತು ಬಾಯಿ ಬಿಟ್ಕೊಂಡಿದ್ರೆ, ಇಂಜಿನ್ ನಿಧಾನಕ್ಕೆ ತಿರುಗೋವಾಗ ಒಳಗೆ ಬಂದ ಗಾಳಿ ಬಂದ ದಾರೀಲೇ ವಾಪಸ್ ಹೋಗಲ್ವೇನೋ? ಜೋರಾಗಿ ತಿರುಗಿದ್ರೆ ಮಾತ್ರ ಹೊಟ್ಟೆ ತುಂಬತ್ತೆ ಅದಕ್ಕೆ. ಏರಲ್ಲಿ ಹೊರೆ ಎಳೆಯೋಕೆ ಹಳೇ ಕ್ಯಾಮೇ ಸರಿ. ಹಾಕು!”

ಭಾವ ಸ್ಪ್ಯಾನರ್ ಎತ್ತಿಕೊಂಡರು. ಮಧ್ಯಾಹ್ನ ವ್ಯಾನು ಗುರುಗುಟ್ಟುತ್ತ, ಅವಸರವಿಲ್ಲದೆ, ಗಿರಣಿ ಹೊತ್ತು ಏರು ಹತ್ತಿತು. ಗಿರಣಿ ಕೂರಿಸಿ ಅಕ್ಕ ಸ್ವಿಚ್ ಒತ್ತಿದಳು, ಅಂಗಡಿಯೆಲ್ಲ ಗಡಗಡ.

“ಮೇಸ್ತ್ರಿ ದೊಡ್ಡವರು ಬಿಡಿ,” ಎಂದೆ, ನಗು ಅದುಮಿಕೊಂಡು.

“ದೊಡ್ಡವರೇ. ಆದ್ರೆ ಫೋನ್ ಇಡುವಾಗ ‘ಬರ್ತೀನಿ ಭಾವ’ ಅಂದ್ರು. ಎಂಬತ್ತು ವರ್ಷದವರಿಗೆ ನಾನು ಹೇಗೋ ಭಾವ ಆಗ್ತೀನಿ?”

ನಾನು ಅಕ್ಕನ ಹಿಂದೆ ಸರಿದೆ. “ಗೊತ್ತಿದ್ದೂ ಬದಲಾಯ್ಸಿದ್ರಾ?”

“ನೀನು ಹೇಳ್ದೆ ಅಂತ ಬಿಚ್ಚಿದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಮೇಸ್ತ್ರಿ ಹೇಳಿದ್ರು ಅಂತ ಬಿಚ್ಚಿದೆ!”

ಅಕ್ಕ ನಕ್ಕಳು, ನಾನೂ ನಕ್ಕೆ. ಭಾವನ ನಗು ಮಾತ್ರ ಗಿರಣಿಯ ಸದ್ದನ್ನೂ ಮೀರಿ ಬೀದಿಗೆಲ್ಲ ಕೇಳಿಸಿತು.