ಗಜನಿ ಮಣ್ಣಿಗೆ ಸಿಹಿನೀರು

ಅನುಪಮಾ ಕುಮಟಾದ ಕಡೆಯಿಂದ ಕಪ್ಪು ಕೆಸರು ತುಂಬಿದ ತೊಟ್ಟಿಗಳನ್ನು ತಂದು ಗುಬ್ಬಿಯಲ್ಲಿದ್ದ ತಮ್ಮ ಮನೆಯ ತಾರಸಿಯ ಮೇಲಿಟ್ಟಾಗ ಕೇರಿಯವರು ನಕ್ಕರು. ನಮ್ಮ ಕೆರೆಯಲ್ಲಿ ಇಲ್ಲದ ಕೆಸರೇ, ಅಷ್ಟು ದೂರದಿಂದ ಹೊತ್ತು ತರೋದಕ್ಕೆ ಎಂದರು. ಅವಳು ತುಮಕೂರಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಳು. ಅಲ್ಲಿನ ನೆರಳುಮನೆಯ ಚಾವಣಿ ರಿಪೇರಿಯಲ್ಲಿದ್ದುದರಿಂದ ತೊಟ್ಟಿಗಳು ಮನೆಗೆ ಬಂದಿದ್ದವು.

ಅದು ಗಜನಿ ಮಣ್ಣು. ನದಿ ಸಮುದ್ರ ಸೇರುವಲ್ಲಿನ ತಗ್ಗು ಗದ್ದೆಗಳಿಗೆ ಅಲ್ಲಿನವರು ಗಜನಿ ಎನ್ನುತ್ತಾರೆ. ಒಡ್ಡು ಗಟ್ಟಿಯಿದ್ದರೆ ಮಳೆನೀರಿನಲ್ಲಿ ಭತ್ತ ಬೆಳೆಯುತ್ತದೆ. ಒಡ್ಡು ಒಡೆದರೆ ಉಬ್ಬರದ ಉಪ್ಪುನೀರು ಒಳನುಗ್ಗುತ್ತದೆ. ಎಷ್ಟೋ ಕಾಲದ ಬೇರು, ಎಲೆ, ಹುಲ್ಲು ಆ ಕೆಸರಿನೊಳಗೆ ಇಂಗಾಲವಾಗಿ ಕೂತಿರುತ್ತದೆ. ಉಪ್ಪುನೀರು ಬಂದರೆ ಆ ಇಂಗಾಲ ಅಲ್ಲೇ ಉಳಿಯುತ್ತದೆಯೋ, ಅನಿಲವಾಗಿ ಗಾಳಿಗೆ ಸೇರುತ್ತದೆಯೋ ಎಂಬುದು ಅನುಪಮಾಳ ಪ್ರಶ್ನೆ. ಅರ್ಧ ತೊಟ್ಟಿಗಳಿಗೆ ಸಿಹಿನೀರು ಹಾಕುತ್ತಿದ್ದಳು, ಉಳಿದರ್ಧಕ್ಕೆ ಕ್ಯಾನುಗಳಲ್ಲಿ ತಂದಿಟ್ಟ ಸಮುದ್ರದ ನೀರು. ಎಲ್ಲದರಲ್ಲೂ ಭತ್ತದ ಪೈರು ನೆಟ್ಟಿದ್ದಳು. ಪ್ರತಿ ವಾರ ತೊಟ್ಟಿಯ ಮೇಲೆ ಡಬ್ಬಿ ಕವುಚಿ, ಒಳಗಿನ ಗಾಳಿಯನ್ನು ಸಿರಿಂಜಿನಲ್ಲಿ ಎಳೆದು, ಸಣ್ಣ ಸೀಸೆಗಳಿಗೆ ತುಂಬಿಕೊಂಡು ತುಮಕೂರಿನ ರೈಲು ಹತ್ತುತ್ತಿದ್ದಳು.

ಅಜ್ಜಿ ಬಸವಲಿಂಗಮ್ಮನಿಗೆ ಇದು ಹಿಡಿಸಲಿಲ್ಲ.

"ಸಿಹಿನೀರು ಮನೇಲೇ ಇದೆ. ಸಾಯೋ ಪೈರಿಗೆ ಉಪ್ಪುನೀರು ಹುಯ್ತೀಯಲ್ಲ, ಇದೇನ್ ಓದೇ?"

"ಏನಾಗುತ್ತೆ ಅಂತ ನೋಡೋದೇ ಓದು ಕಣಜ್ಜಿ."

"ಏನಾಗುತ್ತೆ, ಸಾಯುತ್ತೆ. ಅದನ್ನ ನಾನೇ ಹೇಳ್ತೀನಿ ಬುಡು."

ಮೊದಲು ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಸಿಹಿನೀರಿನ ಕೆಸರಿನಿಂದ ಭೂಮಿಯನ್ನು ಬಿಸಿಮಾಡುವ ಮೀಥೇನ್ ಅನಿಲ ಹೇರಳವಾಗಿ ಬರುತ್ತಿತ್ತು. ಉಪ್ಪುನೀರಿನ ತೊಟ್ಟಿಗಳಲ್ಲಿ ಅದು ಇಳಿಯುತ್ತ ಹೋಯಿತು. ಸಮುದ್ರದ ನೀರಿನಲ್ಲಿರುವ ಸಲ್ಫೇಟನ್ನು ಉಂಡು ಬದುಕುವ ಸೂಕ್ಷ್ಮಜೀವಿಗಳು ಬಲಿತು, ಮೀಥೇನ್ ಮಾಡುವ ಜೀವಿಗಳ ಅನ್ನ ಕಸಿದುಕೊಳ್ಳುತ್ತವೆ. ಆಮೇಲೆ ಇದ್ದಕ್ಕಿದ್ದಂತೆ ಉಪ್ಪಿನ ತೊಟ್ಟಿಗಳಲ್ಲೂ ಮೀಥೇನ್ ಏರತೊಡಗಿತು. ತುಮಕೂರಿನಲ್ಲಿ ಅನಿಲ ಅಳೆಯುವ ಯಂತ್ರ ಕೆಟ್ಟಿರಬಹುದೆಂದು ಪರೀಕ್ಷಿಸಿದಳು. ಯಂತ್ರ ಸರಿಯಾಗಿಯೇ ಇತ್ತು. ಹಾಗಾದರೆ ಈ ಮಣ್ಣಿನಲ್ಲಿ ಯಾರೂ ಕಾಣದ್ದು ಏನೋ ನಡೆಯುತ್ತಿದೆ ಎಂದು ಅವಳ ಎದೆ ಹಿಗ್ಗಿತು. ಮಾರ್ಗದರ್ಶಕಿ ಸರ್ವಮಂಗಳ ಮೇಡಂ ಕೂಡ ಅಂಕಿಗಳನ್ನು ಎರಡೆರಡು ಸಲ ನೋಡಿ, "ಮುಂದಿನ ತಿಂಗಳ ಸೆಮಿನಾರಲ್ಲಿ ಇದನ್ನೇ ಹೇಳು," ಎಂದರು.

ಒಂದು ಭಾನುವಾರ ಬೆಳಿಗ್ಗೆ ಅನುಪಮಾ ಒಣಗಿದ ಬಟ್ಟೆ ತರಲು ತಾರಸಿಗೆ ಹೋದಳು. ಬಸವಲಿಂಗಮ್ಮ ಲಿಂಗಪೂಜೆ ಮುಗಿಸಿ, ಪೂಜೆಯ ನೀರನ್ನು ಕಾಲು ತುಳಿಯದ ಕಡೆ ಚೆಲ್ಲಲೆಂದು ಮೇಲೆ ಬಂದಿದ್ದರು. ಆ ನೀರನ್ನು ಬಾಡಿದ ಪೈರಿಗೆ ಹಾಕಿದರು. ಅಷ್ಟಕ್ಕೇ ನಿಲ್ಲದೆ ತೊಟ್ಟಿಯ ಅಡಿಯ ಬಿರಡೆ ತೆಗೆದು, ಉಪ್ಪುನೀರನ್ನು ಬಸಿದು, ಬಿಂದಿಗೆಯಿಂದ ಸಿಹಿನೀರು ತುಂಬಿದರು. ಕೈ ಪಳಗಿದಂತಿತ್ತು.

"ಅಜ್ಜೀ, ಎಷ್ಟು ದಿನದಿಂದ ಹೀಗ್ ಮಾಡ್ತಿದ್ದೀಯ?"

"ಪೈರು ಬಾಡಕ್ ಶುರುವಾದಾಗಿಂದ್ಲೂ. ನೋಡು, ಎರಡು ಗರಿ ಹಸ್ರಾಗವೆ."

ಅನುಪಮಾ ಬಟ್ಟೆಯನ್ನು ತಂತಿಯ ಮೇಲೇ ಬಿಟ್ಟು ಕೆಳಗಿಳಿದಳು. ಆ ದಿನವೆಲ್ಲ ಅಜ್ಜಿಯ ಜೊತೆ ಊಟಕ್ಕೆ ಕೂರಲಿಲ್ಲ. ಈ ವಿಷಯ ತಾರಸಿ ದಾಟಿ ಹೋಗಿರಲಿಲ್ಲ. ಸುಮ್ಮನಿದ್ದರೆ ಸೆಮಿನಾರಿನಲ್ಲಿ ಚಪ್ಪಾಳೆ ಸಿಗುತ್ತಿತ್ತು ಎಂಬುದೂ ಅವಳಿಗೆ ಹೊಳೆಯಿತು. ಸೋಮವಾರ ಮೇಡಂ ಕೋಣೆಯಲ್ಲಿ ನಿಂತು ನಡೆದದ್ದನ್ನೆಲ್ಲ ಹೇಳಿದಳು.

ಸರ್ವಮಂಗಳ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದು ಯಾವುದೂ ಥೀಸಿಸ್‌ಗೆ ಬರಲ್ಲ, ಗೊತ್ತಲ್ವಾ?"

"ಗೊತ್ತು ಮೇಡಂ."

"ಹೊಸ ಮಣ್ಣು ತರಬೇಕು. ಆದ್ರೆ ಈ ಸಲ ಒಂದಿಷ್ಟು ತೊಟ್ಟಿ ಬೇರೆ ಇಡು. ಮೊದಲು ಉಪ್ಪು, ಆಮೇಲೆ ಸಿಹಿನೀರು. ಗಜನಿಯಲ್ಲೂ ಒಡೆದ ಒಡ್ಡು ಮತ್ತೆ ಕಟ್ಟಿದ ಮೇಲೆ ಹಾಗೇ ತಾನೆ ಆಗೋದು? ನಾವದನ್ನ ಯೋಚನೆ ಮಾಡಿರಲಿಲ್ಲ."

ಮನೆಗೆ ಬಂದು ಕರಾವಳಿಗೆ ಹೊರಡುವ ಮಾತೆತ್ತಿದಾಗ ಬಸವಲಿಂಗಮ್ಮ, "ನಾನೂ ಬರ್ತೀನಿ," ಎಂದರು. ಮೊಮ್ಮಗಳು ಮುಖ ತಿರುಗಿಸಿದಳು. ಅಜ್ಜಿ ದನಿ ತಗ್ಗಿಸಿ, "ನಿನ್ ಕೆಲ್ಸ ಕೆಡಿಸ್ಬೇಕು ಅಂತ ಮಾಡಿದ್ದಲ್ಲ ಕಣೇ. ಬೇಕೂಂತ ಸಾಯಿಸ್ತಿದೀಯ ಅನ್ಕೊಂಡೆ. ಗದ್ದೆಗೆ ಉಪ್ಪುನೀರು ಅದಾಗೇ ಬರುತ್ತೆ ಅಂದ್ರೆ ನಾನೆಂಗ್ ನಂಬ್ಲಿ? ನೋಡ್ಬೇಕು," ಎಂದರು. ಅನುಪಮಾ ಬೇಡ ಎನ್ನಲಿಲ್ಲ.

ಅಲ್ಲಿ ಹೊನ್ನಮ್ಮ ಎಂಬಾಕೆಯ ಗದ್ದೆಯ ಒಡ್ಡು ಒಡೆದಿತ್ತು. ನೀರು ಇಳಿದ ಹೊತ್ತು. ಕಪ್ಪು ಕೆಸರಿನ ಮೇಲೆ ಬೆಳ್ಳಗೆ ಉಪ್ಪಿನ ಪೊರೆ ಕಟ್ಟಿತ್ತು. ಕೊಳೆತ ಮೊಟ್ಟೆಯಂಥ ವಾಸನೆ. ಹಳೆಯ ಪೈರಿನ ಕೂಳೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಬಸವಲಿಂಗಮ್ಮ ಬಗ್ಗಿ ಕೆಸರನ್ನು ಬೆರಳಿಗೆ ಹತ್ತಿಸಿಕೊಂಡು ನಾಲಿಗೆಗೆ ಮುಟ್ಟಿಸಿ, ಹೊನ್ನಮ್ಮನ ಕಡೆ ತಿರುಗಿದರು.

"ಇಲ್ಲಿಗ್ ಯಾರು ಸಿಹಿನೀರು ಹುಯ್ತಾರೆ ತಾಯಿ?"

"ಮಳೆಯೇ ಹುಯ್ಬೇಕು ಅಮ್ಮಾ," ಎಂದರು ಹೊನ್ನಮ್ಮ. "ಒಡ್ಡು ನಿಂತ್ರೆ ಮಳೆ ತೊಳೀತದೆ. ಆಮೇಲೆ ಉಪ್ಪು ತಡ್ಕೊಳ್ಳೂ ಕಗ್ಗ ಭತ್ತ ಬಿತ್ತಿ ನೋಡೂದು."

ಅನುಪಮಾ ಕೊಳವೆ ಊರಿ ಮಣ್ಣು ತೆಗೆದಳು. ಅದು ಕದಡದಂತೆ ನೆಟ್ಟಗೆ ಹಿಡಿದುಕೊಳ್ಳಬೇಕಿತ್ತು. ಅಜ್ಜಿ ಕೇಳದೆಯೇ ಕೈ ಚಾಚಿದರು. ಅವಳು ಒಂದು ಗಳಿಗೆ ತಡೆದು, ಕೊಳವೆಯನ್ನು ಅವರ ಕೈಗೆ ಕೊಟ್ಟಳು. ಜೀಪಿನಲ್ಲಿ ಘಟ್ಟ ಹತ್ತುವಾಗಲೂ ಬಸವಲಿಂಗಮ್ಮ ಅದನ್ನು ಮಡಿಲಿನಲ್ಲಿ ನೆಟ್ಟಗೆ ಇಟ್ಟುಕೊಂಡೇ ಕೂತಿದ್ದರು.

ಹೊಸ ತೊಟ್ಟಿಗಳ ತಂಟೆಗೆ ಈ ಸಲ ಯಾರೂ ಹೋಗಲಿಲ್ಲ. ಉಪ್ಪುನೀರಿನವುಗಳಲ್ಲಿ ಮೀಥೇನ್ ಇಳಿಯಿತು. ಆದರೆ ಪೈರು ಸತ್ತು, ಮಣ್ಣಿಗೆ ಹೊಸ ಇಂಗಾಲ ಸೇರುವುದೂ ನಿಂತಿತು. ಉಪ್ಪಿನ ಮೇಲೆ ಸಿಹಿನೀರು ಕಂಡ ತೊಟ್ಟಿಗಳಲ್ಲಿ ಮೀಥೇನ್ ನಿಧಾನವಾಗಿ ಮರಳಿತು. ಮತ್ತೆ ನೆಟ್ಟ ಪೈರು ಮಾತ್ರ ಕೆಲವದರಲ್ಲಷ್ಟೇ ಬೇರು ಬಿಟ್ಟಿತು. ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂದು ಒಂದೇ ಮಾತಿನಲ್ಲಿ ಹೇಳುವಂತಿರಲಿಲ್ಲ. ಕೆಲವು ತಿಂಗಳು ಮುಂದೂಡಿಸಿಕೊಂಡಿದ್ದ ಸೆಮಿನಾರಿನಲ್ಲಿ ಅನುಪಮಾ ಹಾಗೆಯೇ ಹೇಳಿದಳು. ಚಪ್ಪಾಳೆ ಸಾಧಾರಣವಾಗಿತ್ತು, ಪ್ರಶ್ನೆಗಳು ಬಹಳ ಬಂದವು.

ಆ ಸಂಜೆ ಅವಳು ಹೊನ್ನಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ತಿಳಿಸಿದಳು. ಒಡ್ಡಿಗೆ ಕಲ್ಲು ಬಂದು ಬಿದ್ದಿದೆ, ಮಳೆಗೆ ಮುಂಚೆ ಕಟ್ಟುತ್ತಾರಂತೆ ಎಂದು ಆಕೆ ಹೇಳಿದರು. ಬಸವಲಿಂಗಮ್ಮ ಫೋನ್ ಇಸಿದುಕೊಂಡು ಜಗುಲಿಯ ಮೇಲೆ ಕೂತು, ಏನು ಸಾರು ಮಾಡಿದಿರಿ ಎಂದು ಶುರು ಮಾಡಿದರು.